ಅಗ್ಗದ ಸಂಪುಟದಲ್ಲಿ ಕ್ಯಾರಿ ಗ್ರಾಂಟ್

ಅಗ್ಗದ ಪುಸ್ತಕವನ್ನು ಕಂಡು ಪಂಡಿತನು ಮೂಗು ಮುರಿಯುವುದೂ ಬಡ ವಿದ್ಯಾರ್ಥಿಯು ಕೈನೀಡುವುದೂ ಎಲ್ಲ ಕಾಲದಲ್ಲಿಯೂ ನಡೆದುಬಂದ ಸಂಗತಿ. ಇಬ್ಬರ ಕಡೆಗೂ ನ್ಯಾಯವುಂಟು. ಅಚ್ಚಿನ ತಪ್ಪುಗಳಿಂದ ತುಂಬಿ ಹಾಳೆ ಉದುರುವ ಪ್ರತಿಯಿಂದ ಕವಿಗೆ ಅಪಚಾರವಾಗುತ್ತದೆಂಬ ಪಂಡಿತನ ಮಾತು ನಿಜ. ಅಂಥ ಪ್ರತಿಯಾದರೂ ಇಲ್ಲದಿದ್ದರೆ ಕವಿಯು ಎಷ್ಟೋ ಮನೆಗಳ ಹೊಸ್ತಿಲನ್ನೇ ದಾಟುತ್ತಿರಲಿಲ್ಲವೆಂಬ ವಿದ್ಯಾರ್ಥಿಯ ಸಮಾಧಾನವೂ ಅಷ್ಟೇ ನಿಜ. ಚಲಚ್ಚಿತ್ರವು ಚಿತ್ರಮಂದಿರವನ್ನು ಬಿಟ್ಟು ಡಿವಿಡಿ ತಟ್ಟೆಯಾಗಿ ಮನೆಯ ಕಪಾಟನ್ನು ಸೇರಿದ ಮೇಲೆ ಈ ಹಳೆಯ ವಾದ ಹೊಸ ವೇಷದಲ್ಲಿ ತಿರುಗಿ ಬಂದಿದೆ. ಹಾಲಿವುಡ್ಡಿನ ಹಿಂದಿನ ಹೆಸರಾಂತ ನಟರಲ್ಲಿ ಯಾರೊಬ್ಬನ ಮುಖವನ್ನಾದರೂ ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚೊತ್ತಿ, ಒಳಗೆ ಅವನ ನಾಲ್ಕೈದು ಚಿತ್ರಗಳನ್ನು ಅಡಕಮಾಡಿ, ಒಂದು ಒಳ್ಳೆಯ ಪ್ರತಿಯ ಬೆಲೆಗಿಂತಲೂ ಕಡಮೆಗೆ ಮಾರುವ ಸಂಪುಟಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಇವನ್ನು ತೊಟ್ಟಿಯಲ್ಲಿ ಸುರಿದು ಮಾರುತ್ತಿದ್ದ ಕಾಲವೂ ಒಂದಿತ್ತು. ಇವನ್ನು ಕೊಂಡವನು ಪಡೆಯುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ಒಂದು ಉದಾಹರಣೆಯಿಂದ ತೂಗಿ ನೋಡುವುದು ಅಗತ್ಯ.

ಕ್ಯಾರಿ ಗ್ರಾಂಟನ ಸಂಪುಟವು ಇದಕ್ಕೆ ತಕ್ಕ ಉದಾಹರಣೆ. ಈ ನಟನು 1932ರಿಂದ 1966ರ ವರೆಗೆ ಎಪ್ಪತ್ತಕ್ಕೂ ಮಿಕ್ಕ ಚಿತ್ರಗಳಲ್ಲಿ ಅಭಿನಯಿಸಿದನು. ಆದರೆ ಅಗ್ಗದ ಸಂಪುಟಗಳನ್ನು ಹೊರಡಿಸಿದವರು ಯಾರೇ ಆಗಿರಲಿ, ಅವುಗಳಲ್ಲಿ ತಿರುತಿರುಗಿ ಕಾಣುವುವು ಮುಖ್ಯವಾಗಿ ನಾಲ್ಕು ಹೆಸರುಗಳು: 1936ರ ‘ದಿ ಅಮೇಜಿಂಗ್ ಅಡ್ವೆಂಚರ್’, 1940ರ ‘ಹಿಸ್ ಗರ್ಲ್ ಫ್ರೈಡೇ’, 1941ರ ‘ಪೆನಿ ಸೆರೆನೇಡ್’, 1963ರ ‘ಶರೇಡ್’. ಇವನ್ನು ಆರಿಸಿದವರು ಯಾರು? ಯಾವ ರಸಿಕನೂ ಅಲ್ಲ, ವಿಮರ್ಶಕನೂ ಅಲ್ಲ. ಆ ನಟನಂತೂ ಅಲ್ಲವೇ ಅಲ್ಲ. ಒಡೆಯರ ಮರೆವು, ಗುಮಾಸ್ತರ ಅಜಾಗರೂಕತೆ, ಕಾನೂನಿನ ಒಂದು ವಿಧಿ—ಇವು ಸೇರಿ ಆರಿಸಿದುವು. ಈ ಮಾತಿಗೆ ಕೊಂಚ ವಿವರಣೆ ಬೇಕು.

ಅಮೆರಿಕದ 1909ರ ಕೃತಿಸ್ವಾಮ್ಯದ ಕಾನೂನಿನಂತೆ ಪ್ರಕಟವಾದ ಕೃತಿಗೆ ಮೊದಲು ದೊರೆಯುತ್ತಿದ್ದ ರಕ್ಷಣೆ 28 ವರ್ಷಗಳದು. ಆ ಅವಧಿಯ ಕೊನೆಯ ವರ್ಷದಲ್ಲಿ ಒಡೆಯನು ಅರ್ಜಿ ಸಲ್ಲಿಸಿ ಹಕ್ಕನ್ನು ನವೀಕರಿಸಿಕೊಳ್ಳಬೇಕಾಗಿತ್ತು. ನವೀಕರಿಸದಿದ್ದರೆ ಆ ಕೃತಿ ಸಾರ್ವಜನಿಕರ ಸೊತ್ತಾಗುತ್ತಿತ್ತು. ಸಾವಿರಾರು ಚಿತ್ರಗಳ ಲೆಕ್ಕವಿಡಬೇಕಾಗಿದ್ದ ಸಂಸ್ಥೆಗಳಲ್ಲಿ, ಹಳೆಯ ಚಿತ್ರಗಳಿಗೆ ಇನ್ನು ಬೆಲೆಯಿಲ್ಲವೆಂದು ಜನ ನಂಬಿದ್ದ ದಿನಗಳಲ್ಲಿ, ಇಂಥ ಗಡುವು ಒಮ್ಮೊಮ್ಮೆ ತಪ್ಪಿಹೋಗುತ್ತಿದ್ದುದು ಆಶ್ಚರ್ಯವಲ್ಲ. ‘ಹಿಸ್ ಗರ್ಲ್ ಫ್ರೈಡೇ’, ‘ಪೆನಿ ಸೆರೆನೇಡ್’ ಎರಡೂ ಕೊಲಂಬಿಯಾ ಸಂಸ್ಥೆಯ ಚಿತ್ರಗಳು. ಎರಡರ ಹಕ್ಕೂ ಹೀಗೆಯೇ ನವೀಕರಣವಿಲ್ಲದೆ ಬಿದ್ದುಹೋಯಿತು. ‘ಶರೇಡ್’ ಚಿತ್ರದ ಕಥೆ ಇನ್ನೂ ವಿಚಿತ್ರವಾದುದು. ಆಗಿನ ಕಾನೂನಿನಂತೆ ಕೃತಿಯ ಮೇಲೆ ಕೃತಿಸ್ವಾಮ್ಯವೆಂಬ ಪದವನ್ನಾಗಲಿ ಅದರ ಚಿಹ್ನೆಯನ್ನಾಗಲಿ ನಮೂದಿಸುವುದು ಕಡ್ಡಾಯವಾಗಿತ್ತು. ಚಿತ್ರದ ಮೊದಲಲ್ಲಿ ವರ್ಷವನ್ನೂ ಒಡೆಯರ ಹೆಸರನ್ನೂ ಹಕ್ಕುಗಳೆಲ್ಲ ಕಾದಿರಿಸಿವೆಯೆಂಬ ಮಾತನ್ನೂ ಹಾಕಿದವರು ಆ ಒಂದು ಪದವನ್ನು ಮರೆತರು. ಅಷ್ಟರಿಂದಲೇ ಆ ವೆಚ್ಚದ ಚಿತ್ರವು ತೆರೆಕಂಡ ದಿನವೇ ಒಡೆಯರ ಕೈಬಿಟ್ಟುಹೋಯಿತು. 1992ರಲ್ಲಿ ಅಮೆರಿಕದವರು ಕಾನೂನನ್ನು ತಿದ್ದಿ, 1964ರಿಂದೀಚಿನ ಕೃತಿಗಳಿಗೆ ನವೀಕರಣವು ತಾನಾಗಿಯೇ ಆಗುವಂತೆ ಮಾಡಿದರು. ಅದಕ್ಕೂ ಹಿಂದೆ ಜಾರಿದುವು ಜಾರಿಯೇ ಹೋಗಿದ್ದುವು. ಭಾರತದ 1957ರ ಕಾನೂನಿನಲ್ಲಿ ಇಂಥ ನವೀಕರಣದ ತೊಡಕಿಲ್ಲ. ಅದರ ಈಗಿನ ವಿಧಿಯಂತೆ ಚಲಚ್ಚಿತ್ರದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ನಡೆದು ಮುಗಿಯುತ್ತದೆ. ಇಲ್ಲಿ ಹಕ್ಕನ್ನು ಕೊನೆಗಾಣಿಸುವುದು ಕಾಲ. ಅದು ಎಚ್ಚರಗಾರನಿಗೂ ಮೈಮರೆತವನಿಗೂ ಸಮಾನವಾಗಿಯೇ ನಡೆಯುತ್ತದೆ.

ಒಡೆಯನಿಲ್ಲದ ಕೃತಿಗೆ ಒಂದು ಭಾಗ್ಯವುಂಟು. ಜೇಮ್ಸ್ ಸ್ಟೂವರ್ಟನು ಅಭಿನಯಿಸಿದ, ಫ್ರಾಂಕ್ ಕಾಪ್ರಾ ನಿರ್ದೇಶಿಸಿದ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ತೆರೆಕಂಡಾಗ ಹೆಚ್ಚು ಹಣ ತರಲಿಲ್ಲ. 1974ರಲ್ಲಿ ಅದರ ಹಕ್ಕಿನ ನವೀಕರಣ ತಪ್ಪಿತು. ಕಾಣಿಕೆ ಕೊಡಬೇಕಾಗಿಲ್ಲವೆಂಬ ಕಾರಣದಿಂದ ಅಮೆರಿಕದ ದೂರದರ್ಶನ ಕೇಂದ್ರಗಳು ಪ್ರತಿ ಕ್ರಿಸ್‌ಮಸ್ಸಿನಲ್ಲಿಯೂ ಅದನ್ನು ಮತ್ತೆ ಮತ್ತೆ ತೋರಿಸಿದುವು. ಮರೆತುಹೋಗುತ್ತಿದ್ದ ಚಿತ್ರ ಒಂದು ದೇಶದ ಹಬ್ಬದ ಅಂಗವಾಯಿತು. ಆದಕಾರಣ ಅಗ್ಗದ ಸಂಪುಟವನ್ನು ಬರಿಯ ತಿರಸ್ಕಾರದಿಂದ ನೋಡುವುದು ಸಲ್ಲದು. ಒಡೆಯನ ತಿಜೋರಿಯಲ್ಲಿ ಭದ್ರವಾಗಿದ್ದು ಯಾರ ಕಣ್ಣಿಗೂ ಬೀಳದ ಕೃತಿಗಿಂತ, ಸಂತೆಯಲ್ಲಿ ಸುರಿದ ಕೃತಿಗೆ ಓದುಗರೂ ನೋಡುಗರೂ ಹೆಚ್ಚು.

ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ಹಕ್ಕು ಬಿದ್ದುಹೋದರೆ ಪ್ರತಿಮಾಡುವ ಸ್ವಾತಂತ್ರ್ಯ ಎಲ್ಲರಿಗೂ ಬರುತ್ತದೆಯೇ ಹೊರತು ಮೂಲ ನೆಗೆಟಿವ್ ಎಲ್ಲರಿಗೂ ಸಿಕ್ಕುವುದಿಲ್ಲ. ಅದು ಸಂಸ್ಥೆಯ ಉಗ್ರಾಣದಲ್ಲಿಯೇ ಉಳಿಯುತ್ತದೆ. ಅಗ್ಗದ ಸಂಪುಟವನ್ನು ಹೊರಡಿಸುವವನು ಎಲ್ಲೋ ಉಳಿದಿದ್ದ ಹಳೆಯ ಪ್ರತಿಯೊಂದನ್ನು ಹುಡುಕಿ ತರಬೇಕು. ಅದು ಬಹುಮಟ್ಟಿಗೆ ದೂರದರ್ಶನಕ್ಕೋ ಶಾಲೆ ಸಂಘಗಳ ಪ್ರದರ್ಶನಕ್ಕೋ ಇಳಿಸಿದ 16 ಮಿಲಿಮೀಟರಿನ ಪ್ರತಿ. ಚಿತ್ರಮಂದಿರದ 35 ಮಿಲಿಮೀಟರಿನ ಫಿಲ್ಮಿನಲ್ಲಿ ಒಂದೊಂದು ಚಿತ್ರಕ್ಕಿರುವ ಜಾಗದ ಕಾಲು ಪಾಲಿಗಿಂತಲೂ ಕಡಮೆ ಜಾಗ ಅದರಲ್ಲಿ. ನೂರಾರು ಸಲ ಯಂತ್ರದಲ್ಲಿ ಓಡಿ ಗೀರುಬಿದ್ದು, ಹರಿದಲ್ಲಿ ಅಂಟಿಸಿ, ಅಂಟಿಸಿದಲ್ಲಿ ನಾಲ್ಕು ಮಾತು ನುಂಗಿಹೋದ ಪ್ರತಿಯನ್ನು ವೀಡಿಯೋ ಟೇಪಿಗೆ ಇಳಿಸಿ, ಟೇಪಿನಿಂದ ತಟ್ಟೆಗೆ ಇಳಿಸಿ, ಒಂದು ತಟ್ಟೆಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಚಿತ್ರಗಳನ್ನು ಅದುಮಿ ತುಂಬಿದರೆ ಉಳಿಯುವುದೆಷ್ಟು? ತಾಳೆಗರಿಯ ಕಾವ್ಯಗಳನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಲಿಪಿಕಾರನು ಮೂಲವನ್ನು ನೋಡದೆ ಪ್ರತಿಯ ಪ್ರತಿಯನ್ನು ನೋಡಿ ಬರೆದಾಗ ಅಕ್ಷರಸ್ಖಾಲಿತ್ಯಗಳು ಹೇಗೆ ಒಂದಕ್ಕೆ ಹತ್ತಾಗುತ್ತವೆಯೋ ಇಲ್ಲಿಯೂ ಹಾಗೆಯೇ. ಅಲ್ಲಿ ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ವಿದ್ವಾಂಸನಿರುವಂತೆ ಇಲ್ಲಿಯೂ ಚಿತ್ರಗಳನ್ನು ಪುನರುದ್ಧಾರಮಾಡುವ ತಜ್ಞರಿದ್ದಾರೆ. ಅವರ ಕೆಲಸಕ್ಕೆ ಬೆಲೆ ತೆರಬೇಕಾಗುತ್ತದೆಂಬುದಷ್ಟೇ ವ್ಯತ್ಯಾಸ.

ಹೀಗೆ ಸವೆದ ಪ್ರತಿಯಲ್ಲಿ ನಟನಿಗೆ ಆಗುವ ನಷ್ಟವನ್ನು ಅಳೆಯುವುದಕ್ಕೆ ಭರತನ ವಿಂಗಡಣೆಯೇ ಒಳ್ಳೆಯ ಅಳತೆಗೋಲು. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆ: ಮೈಯಿಂದ ಆಗುವುದು, ಮಾತಿನಿಂದ ಆಗುವುದು, ವೇಷಭೂಷಣಗಳಿಂದ ಆಗುವುದು, ಒಳಗಿನ ಭಾವವು ತಾನಾಗಿ ಹೊರಹೊಮ್ಮಿ ಆಗುವುದು. ಪ್ರತಿಯ ದೋಷವು ಈ ನಾಲ್ಕನ್ನೂ ಸಮವಾಗಿ ಕೆಡಿಸುವುದಿಲ್ಲ. ಸಂಪುಟದ ಒಂದೊಂದು ಚಿತ್ರವನ್ನೂ ಈ ದೃಷ್ಟಿಯಿಂದ ನೋಡಬಹುದು.

ಮೊದಲನೆಯದಾದ ‘ದಿ ಅಮೇಜಿಂಗ್ ಅಡ್ವೆಂಚರ್’ ಇಂಗ್ಲೆಂಡಿನಲ್ಲಿ ತಯಾರಾದುದು, ಇ. ಫಿಲಿಪ್ಸ್ ಒಪೆನ್‌ಹೈಮನ ಕಾದಂಬರಿಯೊಂದನ್ನು ಆಧರಿಸಿ ಆಲ್‌ಫ್ರೆಡ್ ಝೈಸ್ಲರ್ ಇದನ್ನು ನಿರ್ದೇಶಿಸಿದನು. ಮಾಡಲು ಕೆಲಸವಿಲ್ಲದೆ ಬೇಸರದಿಂದ ಬಳಲುವ ಧನಿಕ ಯುವಕನೊಬ್ಬನು ತನ್ನ ಐಶ್ವರ್ಯವನ್ನು ಮುಟ್ಟದೆ ಒಂದು ವರ್ಷ ದುಡಿದು ಬಾಳುವೆನೆಂದು ವೈದ್ಯನೊಡನೆ ಪಂತಕಟ್ಟುತ್ತಾನೆ. ಒಲೆ ಮಾರುತ್ತಾನೆ, ತರಕಾರಿ ಅಂಗಡಿಯಲ್ಲಿ ದುಡಿಯುತ್ತಾನೆ, ಕಾರು ನಡೆಸುತ್ತಾನೆ. ಕಥೆ ತೆಳುವಾದುದು, ಅಮೆರಿಕದಲ್ಲಿ ಹೆಸರು ಬದಲಾಯಿಸಿ ಕತ್ತರಿಸಿದ ರೂಪದಲ್ಲಿ ಅದು ಇನ್ನೂ ತೆಳುವಾಗಿದೆ. ಅಗ್ಗದ ಸಂಪುಟದಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಆ ಕತ್ತರಿಸಿದ ರೂಪವೇ. ಹೀಗಿದ್ದರೂ ಗ್ರಾಂಟನನ್ನು ಅರಿಯಬಯಸುವವನಿಗೆ ಇದು ನಿರರ್ಥಕವಲ್ಲ. ಮರುವರ್ಷ, 1937ರಲ್ಲಿ, ಲಿಯೋ ಮೆಕೇರಿಯ ‘ದಿ ಆಫುಲ್ ಟ್ರೂತ್’ ಚಿತ್ರದಿಂದ ಲೋಕವು ಕಂಡ ಆ ಹಗುರವಾದ, ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುವ ಗ್ರಾಂಟನು ಇಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಹುಟ್ಟುವ ಸೂಚನೆಯಿದೆ. ಬ್ರಿಸ್ಟಲ್ ನಗರದಲ್ಲಿ 1904ರಲ್ಲಿ ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಿನಿಂದ ಜನಿಸಿ, ಹುಡುಗನಾಗಿದ್ದಾಗಲೇ ಬಾಬ್ ಪೆಂಡರನ ಆಟಗಾರರ ಮೇಳವನ್ನು ಸೇರಿ, ಲಾಗ ಹಾಕುವುದನ್ನೂ ಮರಗಾಲಿನ ಮೇಲೆ ನಡೆಯುವುದನ್ನೂ ಕಲಿತು, 1920ರಲ್ಲಿ ಆ ಮೇಳದೊಡನೆಯೇ ಅಮೆರಿಕಕ್ಕೆ ಹೋದವನು ಇವನು. ಮೇಳದ ಆ ಶಿಕ್ಷಣ ಅವನ ನಡಿಗೆಯಲ್ಲಿ, ತಿರುಗುವ ರೀತಿಯಲ್ಲಿ, ತಲೆ ಓರೆಮಾಡುವ ಬಗೆಯಲ್ಲಿ ಕೊನೆಯ ವರೆಗೂ ಉಳಿಯಿತು. ಪ್ರತಿ ಎಷ್ಟು ಮಸುಕಾಗಿದ್ದರೂ, ದೂರದಿಂದ ಬರುವ ಆಕೃತಿಯ ನಡೆಯನ್ನು ನೋಡಿಯೇ ಗ್ರಾಂಟನೆಂದು ಹೇಳಬಹುದು. ನಾಲ್ಕು ಅಭಿನಯಗಳಲ್ಲಿ ಸವೆತಕ್ಕೆ ಜಗ್ಗದೆ ಉಳಿಯುವುದು ಆಂಗಿಕವೊಂದೇ ಎಂಬುದು ಈ ಬಡ ಚಿತ್ರದಿಂದ ತಿಳಿಯುವ ಮೊದಲ ಪಾಠ.

‘ಹಿಸ್ ಗರ್ಲ್ ಫ್ರೈಡೇ’ ಸಂಪುಟದ ರತ್ನ. ಬೆನ್ ಹೆಕ್ಟ್, ಚಾರ್ಲ್ಸ್ ಮೆಕಾರ್ಥರ್ ಇವರು ಬರೆದ ‘ದಿ ಫ್ರಂಟ್ ಪೇಜ್’ ಎಂಬ 1928ರ ನಾಟಕದಲ್ಲಿ ವರದಿಗಾರ ಹಿಲ್ಡಿ ಜಾನ್ಸನ್ ಗಂಡಸು. ನಿರ್ದೇಶಕ ಹೊವರ್ಡ್ ಹಾಕ್ಸನು ಆ ಪಾತ್ರವನ್ನು ಹೆಂಗಸಾಗಿಸಿ, ಸಂಪಾದಕನ ವಿಚ್ಛೇದಿತ ಪತ್ನಿಯನ್ನಾಗಿ ಮಾಡಿದನು. ಆ ಒಂದು ಮಾರ್ಪಾಟಿನಿಂದ ವೃತ್ತಿಯ ಜಗಳ ದಾಂಪತ್ಯದ ಜಗಳವೂ ಆಯಿತು. ಸಂಪಾದಕ ವಾಲ್ಟರ್ ಬರ್ನ್ಸ್ ಪಾತ್ರ ಗ್ರಾಂಟನದು, ಹಿಲ್ಡಿಯದು ರೋಸಲಿಂಡ್ ರಸೆಲಳದು. ಮತ್ತೊಬ್ಬನನ್ನು ಮದುವೆಯಾಗಿ ಪತ್ರಿಕೆಯ ಕಸುಬಿಗೆ ಶರಣು ಹೊಡೆಯಲು ಹೊರಟ ಅವಳನ್ನು, ಗಲ್ಲಿಗೇರಲಿರುವ ಕೈದಿಯೊಬ್ಬನ ಸುದ್ದಿಯ ಆಸೆ ತೋರಿಸಿ ವಾಲ್ಟರನು ಹಿಡಿದು ನಿಲ್ಲಿಸುವುದೇ ಕಥೆ. ಒಬ್ಬರ ಮಾತು ಮುಗಿಯುವ ಮೊದಲೇ ಮತ್ತೊಬ್ಬರ ಮಾತು ಮೇಲೆ ಬೀಳುತ್ತದೆ. ಮೂವರು ಒಂದೇ ಸಲ ಮಾತಾಡುತ್ತಾರೆ. ಟೆಲಿಫೋನಿನಲ್ಲಿ ಒಬ್ಬನೊಡನೆಯೂ ಎದುರಿಗೆ ಮತ್ತೊಬ್ಬನೊಡನೆಯೂ ವಾಲ್ಟರನು ಏಕಕಾಲದಲ್ಲಿ ಸುಳ್ಳು ಹೇಳುತ್ತಾನೆ. ಇಷ್ಟಾದರೂ ಅಭಿಪ್ರಾಯ ಎಲ್ಲಿಯೂ ಗೋಜಲಾಗುವುದಿಲ್ಲ. ತನಿ ಆವರ್ತನದಲ್ಲಿ ಮೃದಂಗ ಘಟಗಳು ಒಂದರ ಮೇಲೊಂದು ಬಿದ್ದರೂ ತಾಳ ತಪ್ಪದಂತೆ ಇಲ್ಲಿ ಮಾತಿನ ಲಯ ನಿಂತಿದೆ. ವಾಚಿಕಾಭಿನಯದಲ್ಲಿ ಹಾಲಿವುಡ್ಡು ಇದಕ್ಕಿಂತ ಮೇಲೆ ಹೋದುದು ವಿರಳ.

ಅಗ್ಗದ ಪ್ರತಿಯ ಪೆಟ್ಟು ಬೀಳುವುದೂ ಇಲ್ಲಿಯೇ. ಸವೆದ ಧ್ವನಿಪಟ್ಟಿಯಲ್ಲಿ ಕೊರೆತದ ಸದ್ದು ಮುಂದೆ ಬಂದು, ವ್ಯಂಜನಗಳು ಮೊಂಡಾಗಿ, ಎರಡು ಕಂಠಗಳು ಒಂದರೊಳಗೊಂದು ಕಲಸಿಹೋದರೆ ಕೇಳಿಸುವುದು ಬರಿಯ ಗದ್ದಲ. ಗದ್ಯದಲ್ಲಿ ಒಂದಕ್ಷರ ಬಿಟ್ಟರೆ ಅರ್ಥ ಊಹಿಸಬಹುದು. ಲಯವೇ ಪ್ರಾಣವಾದ ಕಡೆ ಒಂದು ಮಾತ್ರೆ ತಪ್ಪಿದರೂ ಪದ್ಯ ಕುಸಿಯುತ್ತದೆ. ಇಂಗ್ಲಿಷನ್ನು ಮುಖ್ಯವಾಗಿ ಪುಸ್ತಕದಿಂದ ಕಲಿತ ಮನೆಗಳಲ್ಲಿ ಈ ತೊಡಕು ಇಮ್ಮಡಿ. ತೆರೆಯ ಕೆಳಗೆ ಮಾತನ್ನು ಅಕ್ಷರದಲ್ಲಿ ತೋರಿಸುವ ಏರ್ಪಾಡು ಅಗ್ಗದ ತಟ್ಟೆಗಳಲ್ಲಿ ಬಹುಪಾಲು ಇರುವುದಿಲ್ಲ. ಚಿತ್ರವು ನಗಿಸಲಿಲ್ಲವೆಂದು ಹೇಳುವ ಪ್ರೇಕ್ಷಕನು ಹಾಕ್ಸನನ್ನಾಗಲಿ ಗ್ರಾಂಟನನ್ನಾಗಲಿ ನೋಡಿದವನಲ್ಲ, ಅವರ ಸವೆದ ನೆರಳನ್ನು ಮಾತ್ರ ನೋಡಿದವನೆಂದು ತಿಳಿಯಬೇಕು.

ಇನ್ನೊಂದು ಬಗೆಯ ನಷ್ಟವೂ ಈ ಚಿತ್ರದಲ್ಲಿ ಉಂಟು. ಅದಕ್ಕೆ ಪ್ರತಿಯ ದೋಷ ಕಾರಣವಲ್ಲ, ಸಂಪುಟದ ಒಂಟಿತನ ಕಾರಣ. ಹಿಲ್ಡಿಯನ್ನು ಮದುವೆಯಾಗಬೇಕಾದ ಸಾಧುವಿನ ಪಾತ್ರ ರಾಲ್ಫ್ ಬೆಲಾಮಿಯದು. ಅವನ ಗುರುತು ಹೇಳುವಾಗ ವಾಲ್ಟರನು, ಸಿನಿಮಾದಲ್ಲಿ ಬರುವ ರಾಲ್ಫ್ ಬೆಲಾಮಿಯಂತಿದ್ದಾನೆ ಎನ್ನುತ್ತಾನೆ. ಮತ್ತೊಂದೆಡೆ ತನಗೆ ಎದುರಾಡಿದ ಆರ್ಚಿ ಲೀಚ್ ಎಂಬವನಿಗೆ ಕೇಡಾಯಿತೆಂದು ಬೆದರಿಸುತ್ತಾನೆ. ಅದು ಗ್ರಾಂಟನ ಹುಟ್ಟುಹೆಸರೇ. ‘ದಿ ಆಫುಲ್ ಟ್ರೂತ್’ ಚಿತ್ರದಲ್ಲಿ ಇದೇ ಬೆಲಾಮಿಯು ಇದೇ ಗ್ರಾಂಟನಿಂದ ಹೀಗೆಯೇ ವಧುವನ್ನು ಕಳೆದುಕೊಂಡಿದ್ದನೆಂಬುದನ್ನು ಬಲ್ಲವರಿಗೆ ಆ ಮಾತಿನ ಧ್ವನಿ ತಿಳಿಯುತ್ತದೆ. ಸಂಪುಟದಲ್ಲಿ ಆ ಚಿತ್ರವಿಲ್ಲ; ಆದ್ದರಿಂದ ವಾಚ್ಯಾರ್ಥ ಉಳಿದು ಧ್ವನಿ ಅಡಗುತ್ತದೆ. ಒಬ್ಬ ನಟನ ಚಿತ್ರಗಳು ಒಂದಕ್ಕೊಂದು ನೆನಪಾಗಿ ನಿಲ್ಲುವುವೆಂಬುದನ್ನು ಆಕಸ್ಮಿಕವಾದ ಆಯ್ಕೆ ಲೆಕ್ಕಿಸುವುದಿಲ್ಲ.

‘ಪೆನಿ ಸೆರೆನೇಡ್’ ನಗುವಿನ ಈ ನಟನನ್ನು ಕರುಣರಸದೆದುರು ನಿಲ್ಲಿಸುತ್ತದೆ. ಗಂಡನನ್ನು ಬಿಟ್ಟುಹೋಗಲು ನಿಶ್ಚಯಿಸಿದ ಜೂಲಿಯು ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಒಂದೊಂದಾಗಿ ಹಾಕುತ್ತಾಳೆ. ಒಂದೊಂದು ಹಾಡೂ ಕಳೆದ ದಾಂಪತ್ಯದ ಒಂದು ಘಟ್ಟವನ್ನು ತೆರೆಯುತ್ತದೆ. ಜಪಾನಿನ ಭೂಕಂಪದಲ್ಲಿ ಗರ್ಭ ಕಳೆದುಕೊಂಡ ದಂಪತಿಗಳು ಒಂದು ಹೆಣ್ಣು ಶಿಶುವನ್ನು ದತ್ತು ಪಡೆಯುತ್ತಾರೆ. ಎತ್ತಿಕೊಳ್ಳಲೂ ಅರಿಯದ ಈ ಹೊಸ ತಂದೆತಾಯಿಗಳಿಗೆ, ಮುದ್ರಣಾಲಯದ ಒರಟು ಗೆಳೆಯನೊಬ್ಬನು ಕೂಸಿಗೆ ಮೀಯಿಸುವುದನ್ನು ತೋರಿಸಿಕೊಡುವ ಭಾಗ ಬಹು ಸೊಗಸು. ಆಮೇಲೆ ಪತ್ರಿಕೆ ನಿಲ್ಲುತ್ತದೆ, ವರಮಾನ ನಿಲ್ಲುತ್ತದೆ. ದತ್ತು ಊರ್ಜಿತವಾಗಬೇಕಾದರೆ ಆದಾಯ ಬೇಕೆಂಬ ಕಾನೂನಿನ ಮುಂದೆ ತಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ನ್ಯಾಯಾಧೀಶನ ಎದುರು ಗ್ರಾಂಟನು ಬೇಡಿಕೊಳ್ಳುವ ದೃಶ್ಯದಲ್ಲಿ ಅವನ ಎಂದಿನ ಚುರುಕು ಮಾಯವಾಗಿದೆ. ಮೈ ನಿಶ್ಚಲ, ಮಾತು ತಡವರಿಸುತ್ತದೆ, ಅಳಬಾರದೆಂದು ಹಟತೊಟ್ಟ ಮುಖದಲ್ಲಿ ಕಣ್ಣು ತಾನಾಗಿ ತುಂಬುತ್ತದೆ. ಸಾತ್ತ್ವಿಕವೆಂದರೆ ಇದೇ. ಈ ಪಾತ್ರಕ್ಕಾಗಿ ಆಸ್ಕರ್ ಬಹುಮಾನಕ್ಕೆ ಅವನ ಹೆಸರು ಮೊದಲ ಸಲ ಸೂಚಿತವಾಯಿತು. ಬಹುಮಾನ ಹೋದುದು ‘ಸಾರ್ಜೆಂಟ್ ಯಾರ್ಕ್’ ಚಿತ್ರದ ಗ್ಯಾರಿ ಕೂಪರನಿಗೆ. ಸ್ಪರ್ಧೆಯಲ್ಲಿ ಗ್ರಾಂಟನಿಗೆ ಎಂದೂ ಬಹುಮಾನ ಬರಲಿಲ್ಲ. 1970ರಲ್ಲಿ ಗೌರವಾರ್ಥವಾಗಿ ಕೊಟ್ಟರು. ನಗಿಸುವವನ ಶ್ರಮ ಕಣ್ಣಿಗೆ ಕಾಣುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಿರ್ದೇಶಕ ಜಾರ್ಜ್ ಸ್ಟೀವನ್ಸನ ಈ ಚಿತ್ರವು ಕಣ್ಣೀರನ್ನು ಅಳತೆಮೀರಿ ಬಯಸುತ್ತದೆಂಬ ಆಕ್ಷೇಪಣೆಗೆ ಎಡೆಯಿದೆ. ಮಗುವನ್ನು ಕೊಟ್ಟ ಕಥೆಯೇ ಮಗುವನ್ನು ಕಿತ್ತುಕೊಂಡು, ಕೊನೆಯಲ್ಲಿ ಮತ್ತೊಂದು ಮಗುವನ್ನು ತೋರಿಸಿ ಸಮಾಧಾನಪಡಿಸುವುದು ಔಚಿತ್ಯದ ಅಂಚನ್ನು ಮುಟ್ಟುತ್ತದೆ. ಇದನ್ನು ಒಪ್ಪಿದರೂ ಆ ಒಂದು ದೃಶ್ಯದ ಬೆಲೆ ಕುಗ್ಗದು. ಆದರೆ ಕಣ್ಣಿನ ಹೊಳಪೇ ಮುಖ್ಯವಾದ ಆ ದೃಶ್ಯವನ್ನು ಕಪ್ಪು ಬಿಳುಪುಗಳ ನಡುವಣ ಛಾಯೆಗಳೆಲ್ಲ ಅಳಿಸಿಹೋದ ಪ್ರತಿಯಲ್ಲಿ ನೋಡಿದರೆ ಮುಖವು ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಕಂಠ ನಡುಗುವುದು ಕೇಳಿಸುತ್ತದೆ, ಕಾರಣ ಕಾಣಿಸುವುದಿಲ್ಲ. ಅಳುವುದನ್ನು ತಡೆದ ಅಭಿನಯವು ಆಗ ಅಳುವ ಅಭಿನಯವಾಗಿ ತೋರುವ ಅಪಾಯವುಂಟು. ಚಿತ್ರವನ್ನು ಅತಿಭಾವುಕವೆಂದು ಹಳಿಯುವವರು ಯಾವ ಪ್ರತಿಯನ್ನು ನೋಡಿದರೆಂಬುದನ್ನೂ ವಿಚಾರಿಸುವುದು ನ್ಯಾಯ.

ನಾಲ್ಕನೆಯದಾದ ‘ಶರೇಡ್’ ವರ್ಣಚಿತ್ರ. ಸ್ಟ್ಯಾನ್ಲಿ ಡೋನೆನನ ನಿರ್ದೇಶನ, ಹೆನ್ರಿ ಮಾನ್ಸಿನಿಯ ಸಂಗೀತ, ಪ್ಯಾರಿಸಿನ ಬೀದಿಗಳು, ಆಡ್ರಿ ಹೆಪ್‌ಬರ್ನಳ ಉಡಿಗೆತೊಡಿಗೆಗಳು. ಗ್ರಾಂಟನಿಗೆ ಆಗ ಅರುವತ್ತು ಸಮೀಪಿಸಿತ್ತು. ನಾಯಿಕೆ ಅವನಿಗಿಂತ 25 ವರ್ಷ ಚಿಕ್ಕವಳು. ತಾನು ಹುಡುಗಿಯ ಬೆನ್ನು ಹತ್ತಿದಂತೆ ತೋರಬಾರದೆಂದು ಅವನು ಸಂಕೋಚಪಟ್ಟುದರಿಂದ, ಅವಳೇ ಅವನ ಬೆನ್ನು ಹತ್ತುವಂತೆ ಪೀಟರ್ ಸ್ಟೋನನು ಮಾತುಗಳನ್ನು ಮಾರ್ಪಡಿಸಿದನು. ಈ ವಿವೇಕದಿಂದ ಚಿತ್ರಕ್ಕೆ ಹೊಸ ಹಾಸ್ಯ ಒದಗಿತು. ಪಾತ್ರವು ಕಥೆಯುದ್ದಕ್ಕೂ ಹೆಸರು ಬದಲಾಯಿಸುತ್ತ ಹೋಗುತ್ತದೆ—ಒಟ್ಟು ನಾಲ್ಕು ಹೆಸರುಗಳು. ನಾಯಿಕೆಗೂ ಪ್ರೇಕ್ಷಕನಿಗೂ ಇವನು ಕಳ್ಳನೋ ಕಾವಲುಗಾರನೋ ಕೊನೆಯ ವರೆಗೆ ತಿಳಿಯದು. ಆರ್ಚಿಬಾಲ್ಡ್ ಲೀಚನಾಗಿ ಹುಟ್ಟಿ ಕ್ಯಾರಿ ಗ್ರಾಂಟನಾಗಿ ಬಾಳಿದವನಿಗೆ ಇದಕ್ಕಿಂತ ಒಪ್ಪುವ ಪಾತ್ರ ದೊರೆಯುವುದು ಕಷ್ಟ. ಸೂಟು ತೊಟ್ಟುಕೊಂಡೇ ನೀರಿನ ಕೆಳಗೆ ನಿಂತು ಅವನು ಸ್ನಾನಮಾಡುವ ದೃಶ್ಯದಲ್ಲಿ, ಮೂವತ್ತು ವರ್ಷ ಅವನ ಕೀರ್ತಿಯ ಭಾಗವಾಗಿದ್ದ ಉಡುಪನ್ನೇ ಅವನು ಹಾಸ್ಯಕ್ಕೆ ಒಡ್ಡುತ್ತಾನೆ. ಆಹಾರ್ಯಾಭಿನಯದಲ್ಲಿ ಇದೊಂದು ಚಮತ್ಕಾರ. ಬಣ್ಣ ಮಾಸಿ ಎಲ್ಲವೂ ಇಟ್ಟಿಗೆಗೆಂಪಾದ, ಅಗಲವಾದ ಚಿತ್ರದ ಎರಡು ಅಂಚುಗಳನ್ನೂ ಕತ್ತರಿಸಿದ ಪ್ರತಿಯಲ್ಲಿ ಪ್ಯಾರಿಸು ಪ್ಯಾರಿಸಾಗಿ ಉಳಿಯುವುದಿಲ್ಲ. ಹಾಸ್ಯ ಉಳಿಯುತ್ತದೆ, ಸೊಬಗು ಹೋಗುತ್ತದೆ.

ಹೀಗೆ ನಾಲ್ಕನ್ನೂ ನೋಡಿ ಮುಗಿಸಿದವನಿಗೆ ಒಂದು ವಿಸ್ಮಯವಾಗದಿರದು. ಗುಮಾಸ್ತರ ಮರೆವು ಆರಿಸಿದ ಈ ಕಟ್ಟಿನಲ್ಲಿ ಒಬ್ಬ ನಟನ ನಾಲ್ಕು ಅವಸ್ಥೆಗಳು ಕ್ರಮವಾಗಿ ದೊರೆತಿವೆ: ತನ್ನನ್ನು ಇನ್ನೂ ಕಂಡುಕೊಳ್ಳದ ತರುಣ, ಕಲೆಯ ತುದಿಯನ್ನೇರಿದ ಪ್ರೌಢ, ನಗುವಿನಾಚೆಯ ದುಃಖವನ್ನು ಮುಟ್ಟಿದ ಗೃಹಸ್ಥ, ತನ್ನ ಕೀರ್ತಿಯನ್ನೇ ನೋಡಿ ನಗಬಲ್ಲ ಹಿರಿಯ. ಜಾಣನಾದ ಸಂಪಾದಕನೊಬ್ಬನು ನಾಲ್ಕೇ ಚಿತ್ರಗಳನ್ನು ಆರಿಸಬೇಕಾಗಿ ಬಂದಿದ್ದರೂ ಇದಕ್ಕಿಂತ ಬಹಳ ಮೇಲಾದುದನ್ನು ಕಟ್ಟುತ್ತಿದ್ದನೆಂದು ಹೇಳುವುದು ಕಷ್ಟ.

ಆದರೂ ಒಂದು ದೊಡ್ಡ ಕೊರತೆಯಿದೆ. ಆಲ್‌ಫ್ರೆಡ್ ಹಿಚ್‌ಕಾಕನು ಗ್ರಾಂಟನಿಂದ ಮಾಡಿಸಿದ ನಾಲ್ಕು ಚಿತ್ರಗಳಲ್ಲಿ ಒಂದೂ ಇಲ್ಲಿಲ್ಲ. 1941ರ ‘ಸಸ್ಪಿಶನ್’ ಚಿತ್ರದಲ್ಲಿ ಹೆಂಡತಿಗೆ ಹಾಲಿನ ಲೋಟವನ್ನು ಹಿಡಿದು ಮೆಟ್ಟಿಲೇರುವ ಗಂಡ ಕೊಲೆಗಾರನೋ ಅಲ್ಲವೋ ತಿಳಿಯದು. 1946ರ ‘ನಟೋರಿಯಸ್’ ಚಿತ್ರದಲ್ಲಿ ತಾನು ಪ್ರೀತಿಸುವ ಹೆಣ್ಣನ್ನು ದೇಶದ ಕೆಲಸಕ್ಕೆಂದು ಶತ್ರುವಿನ ಮನೆಗೆ ಕಳುಹಿಸಿ, ಹೋದುದಕ್ಕಾಗಿ ಅವಳನ್ನೇ ಶಿಕ್ಷಿಸುವ ಕ್ರೂರಿ ಅವನು. ಚೆಲುವಿನ ಹಿಂದೆ ತಣ್ಣನೆಯ ಕಾಠಿಣ್ಯವೊಂದುಂಟೆಂಬುದನ್ನು ಆ ನಿರ್ದೇಶಕನು ಕಂಡಿದ್ದನು. ಅಗ್ಗದ ಸಂಪುಟವೊಂದನ್ನೇ ನೋಡಿದವನು ಗ್ರಾಂಟನನ್ನು ಬರಿಯ ಸರಸಿಯೆಂದು ತಿಳಿದು ಸುಮ್ಮನಾಗುತ್ತಾನೆ. ಎಚ್ಚರದಿಂದ ನೋಡುವವನಿಗೆ ಮಾತ್ರ ‘ಹಿಸ್ ಗರ್ಲ್ ಫ್ರೈಡೇ’ ಒಂದು ಸುಳಿವು ಕೊಡುತ್ತದೆ. ಕೊನೆಯಲ್ಲಿ ಹಿಲ್ಡಿಯು ಭಾರವಾದ ಪೆಟ್ಟಿಗೆಯನ್ನು ತಾನೇ ಹೊತ್ತು ಬರುತ್ತಿದ್ದರೆ ವಾಲ್ಟರನು ಮುಂದೆ ನಡೆದು ಹೋಗುತ್ತಾನೆ. ಗೆದ್ದುಕೊಂಡ ಮೇಲೂ ಅವನು ಬದಲಾಗಿಲ್ಲ. ಪ್ರೇಕ್ಷಕನು ನಗುತ್ತಾನೆ, ಆ ನಗುವಿನಲ್ಲಿ ಕೊಂಚ ಮುಜುಗರವೂ ಬೆರೆತಿರುತ್ತದೆ. ಹಿಚ್‌ಕಾಕನು ಆ ಮುಜುಗರವನ್ನೇ ಬೆಳೆಸಿದನು.

ಹಾಗಾದರೆ ಕೊಳ್ಳಬೇಕೇ, ಬೇಡವೇ? ಕೊಳ್ಳಬಹುದು, ಆದರೆ ಕೊಂಡದ್ದು ಏನೆಂಬ ತಿಳಿವಳಿಕೆಯಿಂದ ಕೊಳ್ಳಬೇಕು. ಇದು ಗ್ರಾಂಟನ ಸಮಗ್ರ ದರ್ಶನವಲ್ಲ, ಪ್ರವೇಶಿಕೆ. ಇದರಲ್ಲಿ ಮೆಚ್ಚುಗೆಯಾದ ಒಂದು ಚಿತ್ರವನ್ನಾದರೂ ಶುದ್ಧವಾದ ಪ್ರತಿಯಲ್ಲಿ ತರಿಸಿ ಮತ್ತೆ ನೋಡಬೇಕು. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ‘ಶರೇಡ್’ ಚಿತ್ರದ ಒಳ್ಳೆಯ ಪ್ರತಿಯನ್ನು 2010ರಲ್ಲಿಯೂ, ‘ಹಿಸ್ ಗರ್ಲ್ ಫ್ರೈಡೇ’ ಚಿತ್ರದ ಪುನರುದ್ಧರಿಸಿದ ಪ್ರತಿಯನ್ನು, ಅದೇ ನಾಟಕದಿಂದ 1931ರಲ್ಲಿ ಹುಟ್ಟಿದ ಹಳೆಯ ಚಿತ್ರದೊಡನೆ, 2017ರಲ್ಲಿಯೂ ಹೊರತಂದಿದೆ. ಹಕ್ಕಿಲ್ಲದ ಕೃತಿಗೂ ಹಣ ವ್ಯಯಮಾಡಿ ಉದ್ಧರಿಸುವವರು ಇರುವುದು ಸಮಾಧಾನದ ವಿಷಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಯಲ್ಲಿ ಮೊದಲನೆಯದು 2022ರಲ್ಲಿಯೂ ಎರಡನೆಯದು 1993ರಲ್ಲಿಯೂ ಸೇರಿದುವು. ಒಡೆಯರು ಕೈಬಿಟ್ಟುದನ್ನು ದೇಶವು ಕೈಗೆತ್ತಿಕೊಂಡಿತು. ಎರಡು ಪ್ರತಿಗಳನ್ನೂ ಒಂದಾದ ಮೇಲೊಂದು ನೋಡಿದವನಿಗೆ ಅಗ್ಗದ ಸಂಪುಟದ ನಿಜವಾದ ಬೆಲೆ ತಾನಾಗಿ ಗೊತ್ತಾಗುತ್ತದೆ. ಶುದ್ಧಪ್ರತಿಯನ್ನು ಕೊಳ್ಳುವ ಶಕ್ತಿಯಿಲ್ಲದವನು ಅಗ್ಗದ್ದನ್ನೇ ನೋಡಲಿ. ನೋಡಿ, ಎಲ್ಲಿ ರಸ ಕೆಟ್ಟಿತೋ ಅಲ್ಲಿ ನಟನ ಮೇಲೆ ದೋಷವನ್ನು ಹೊರಿಸುವ ಮುನ್ನ ತಡೆದು ವಿಚಾರಿಸಲಿ.

‘ಶರೇಡ್’ ಕಥೆಯಲ್ಲಿ ಎಲ್ಲರೂ ಹುಡುಕುತ್ತಿರುವ ಎರಡೂವರೆ ಲಕ್ಷ ಡಾಲರು ಮೊದಲಿನಿಂದಲೂ ಎಲ್ಲರ ಕಣ್ಣೆದುರಿಗೇ ಇರುತ್ತದೆ: ಒಂದು ಲಕೋಟೆಯ ಮೇಲೆ ಅಂಟಿಸಿದ ಮೂರು ಅಂಚೆಚೀಟಿಗಳ ರೂಪದಲ್ಲಿ. ಏನೂ ಅರಿಯದ ಹುಡುಗನೊಬ್ಬನು ಅವನ್ನು ಪ್ಯಾರಿಸಿನ ಅಂಚೆಚೀಟಿ ಸಂತೆಯಲ್ಲಿ ಸಾಮಾನ್ಯ ಚೀಟಿಗಳ ದೊಡ್ಡ ಚೀಲವೊಂದಕ್ಕೆ ಬದಲಾಗಿ ಕೊಟ್ಟುಬಿಡುತ್ತಾನೆ. ಹುಡುಕಿಕೊಂಡು ಬಂದ ನಾಯಿಕೆಗೆ ಮುದಿ ವ್ಯಾಪಾರಿಯು ಅವನ್ನು ಒಂದು ಮಾತೂ ಚೌಕಾಶಿಯಿಲ್ಲದೆ ಹಿಂದಿರುಗಿಸುತ್ತಾನೆ. ಕೆಲವು ನಿಮಿಷಗಳ ಮಟ್ಟಿಗೆ ಅವು ತನ್ನವಾಗಿದ್ದುದೇ ಅವನಿಗೆ ಸಾಕು. ಹುಡುಗನಿಗೂ ಚೀಟಿಗಳು ಸಿಕ್ಕಿದ್ದುವು, ವ್ಯಾಪಾರಿಗೂ ಸಿಕ್ಕಿದ್ದುವು. ಅವುಗಳ ಬೆಲೆಯನ್ನು ನೋಡಿದವನು ಒಬ್ಬನೇ. ಅಗ್ಗದ ಸಂಪುಟವನ್ನು ಕೊಂಡು ಮನೆಗೆ ತಂದವನು ಆ ಇಬ್ಬರಲ್ಲಿ ಯಾರಂತಾಗುವನೆಂಬುದು ಅವನು ಕೊಟ್ಟ ಹಣದಿಂದ ನಿರ್ಣಯವಾಗುವುದಿಲ್ಲ. ಅವನು ನೋಡುವ ಬಗೆಯಿಂದ ನಿರ್ಣಯವಾಗುತ್ತದೆ.